ಖಾಲಿಯಾಗದ ನೀರಿನ ಕ್ಯಾನು

2022ರ ನವೆಂಬರ್. ಮಸ್ಕತ್‌ನ ಒಂದು ಸಾಹಸ ಪ್ರವಾಸ ಕಂಪನಿಯಲ್ಲಿ ನಾನು ಟ್ರಿಪ್ ಪ್ಲಾನರ್ ಆಗಿದ್ದೆ. ರಸ್ತೆಯೇ ಇಲ್ಲದ ಕಡೆಗೆ ಜನರನ್ನು ನಾಲ್ಕು ದಿನ ಕರೆದುಕೊಂಡು ಹೋಗಿ, ಅಷ್ಟೇ ಮಂದಿಯನ್ನು ವಾಪಸ್ ತರುವುದು ನನ್ನ ಕೆಲಸ. ಹುಟ್ಟಾ ಚಡಪಡಿಕೆಯವನಾದ ನನಗೆ ಇದಕ್ಕಿಂತ ಒಳ್ಳೆಯ ಉದ್ಯೋಗವೂ ಇಲ್ಲ, ಇದಕ್ಕಿಂತ ಕೆಟ್ಟದ್ದೂ ಇಲ್ಲ. ಗಾಳಿಯ ಮುನ್ಸೂಚನೆ ನೋಡಿ ಫೋನ್ ಕೆಳಗಿಡುತ್ತೇನೆ. ಅಷ್ಟರಲ್ಲೇ ಬದಲಾಗಿರಬಹುದು ಅನ್ನಿಸಿ ಮತ್ತೆ ಎತ್ತಿಕೊಳ್ಳುತ್ತೇನೆ. "ಗಾಳಿ ಎಂತ ನಿಮ್ಮನ್ನು ಕೇಳಿ ಬೀಸ್ತದಾ?" ಎಂದು ಹೆಂಡತಿ ಬೈಯುತ್ತಾಳೆ.

ಆ ಸಲ ಹೊರಟದ್ದು ಒಮಾನಿನ ಉತ್ತರದ ತುದಿ ಮುಸಂದಮ್‌ಗೆ. ಅಲ್ಲಿ ಸಮುದ್ರ ಬೋಳು ಬೆಟ್ಟಗಳ ನಡುವೆ ಉದ್ದಕ್ಕೆ ಒಳನುಗ್ಗಿದೆ. ಒಂದು ಕೊಲ್ಲಿಯಲ್ಲಿ ದೋಣಿಗೆ ಹುಟ್ಟು ಹಾಕುತ್ತಾ ಹೋಗಿ, ದಡದಲ್ಲಿ ಮಲಗಿ, ಮರುದಿನ ನಡುವಿನ ಕಿರಿದಾದ ಗುಡ್ಡವನ್ನು ದಾಟಿ ಆಚೆಯ ಕೊಲ್ಲಿಗೆ ಇಳಿಯಬೇಕು. ದೋಣಿಯನ್ನೂ ಸಾಮಾನನ್ನೂ ನೆಲದ ಮೇಲೆ ಹೊತ್ತು ಹೀಗೆ ಒಂದು ನೀರಿನಿಂದ ಇನ್ನೊಂದು ನೀರಿಗೆ ದಾಟಿಸುವುದಕ್ಕೆ ನಮ್ಮಲ್ಲಿ ಪೋರ್ಟೇಜ್ ಎನ್ನುತ್ತಾರೆ. ಆ ದಾರಿಯಲ್ಲಿ ಕುಡಿಯುವ ನೀರು ಒಂದು ಹನಿಯೂ ಸಿಗುವುದಿಲ್ಲ. ಹಾಗಾಗಿ ಪ್ರತಿ ದೋಣಿಗೂ ಅದರದೇ ಕ್ಯಾನುಗಳು, ಪ್ರತಿ ಕ್ಯಾನಿಗೂ ಇಷ್ಟು ಹೊತ್ತಿಗೆ ಮುಗಿಯಬೇಕು ಎಂಬ ಲೆಕ್ಕ. ಗುಡ್ಡ ಹತ್ತುವಾಗ ನೀರು ಹೊಟ್ಟೆಯಲ್ಲಿರಬೇಕೇ ಹೊರತು ಬೆನ್ನ ಮೇಲಲ್ಲ.

ದಿನ ಗೊತ್ತುಮಾಡಿದವನೂ ನಾನೇ. ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರು. ಆ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ನೀರು ಗುಡ್ಡದ ಬುಡದವರೆಗೂ ಬಂದಿರುತ್ತದೆ, ಪಾಚಿಗಲ್ಲಿನ ಮೇಲೆ ದೋಣಿ ಹೊರುವ ಕಷ್ಟ ತಪ್ಪುತ್ತದೆ. ಈ ಲೆಕ್ಕಾಚಾರದ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಬಂದವರು ಐದು ಮಂದಿ. ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದ ಮೈಸೂರಿನ ಪ್ರಸಾದ್, ಅವರ ಹೆಂಡತಿ, ಅವರ ಸಹೋದ್ಯೋಗಿಯೊಬ್ಬರು. ಇನ್ನಿಬ್ಬರು ವಾದಿ ಕಬೀರ್‌ನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದ, ಉಳ್ಳಾಲದ ಕಡೆಯ ಹಸನಬ್ಬ ಮತ್ತು ಅವರ ಮಗಳು ನಸೀರಾ. ಅವಳಿಗೆ ಇಪ್ಪತ್ತೆರಡು, ಟ್ರಿಪ್‌ಗೆ ಅಪ್ಪನನ್ನು ಎಳೆದುತಂದವಳೇ ಅವಳು. ಬಿಪಿ, ಶುಗರ್, ಮಾತ್ರೆ, ಆಪರೇಷನ್ ಎಲ್ಲವನ್ನೂ ನಾನು ಮೊದಲೇ ಕೇಳಿಕೊಂಡಿದ್ದೆ. ಹಸನಬ್ಬ ನಕ್ಕು, "ಎಂತದೂ ಇಲ್ಲ ಮಾರಾಯ್ರೇ. ಈಗಲೂ ಗೇರ್‌ಬಾಕ್ಸ್ ಒಬ್ಬನೇ ಎತ್ತಿ ಇಡ್ತೇನೆ" ಅಂದಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ.

ದೋಣಿಯಲ್ಲಿ ಹಗುರದವರು ಮುಂದೆ, ಭಾರದವರು ಹಿಂದೆ ಕೂರುವುದು ಕ್ರಮ. ನಸೀರಾ ಮುಂದೆ, ಅಪ್ಪ ಹಿಂದೆ. ಮಧ್ಯಾಹ್ನದ ಬುತ್ತಿಯೂ ದೋಣಿಯಲ್ಲೇ. ಮುಂದೆ ಕೂತವರಿಗೆ ಹಿಂದಿನವರು ಏನು ಮಾಡುತ್ತಿದ್ದಾರೆ ಎಂಬುದು ಕಾಣುವುದಿಲ್ಲ.

ಎರಡನೆಯ ದಿನ ಮಧ್ಯಾಹ್ನ, ಉಬ್ಬರ ತುಂಬಿದ ಹೊತ್ತಿಗೆ ಸರಿಯಾಗಿ ಗುಡ್ಡದ ಬುಡ ಮುಟ್ಟಿದೆವು. ಗಾಳಿ ಇರಲಿಲ್ಲ. ಬಂಡೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಸಾಮಾನು ಇಳಿಸುತ್ತಾ ಅಭ್ಯಾಸದಂತೆ, ಅಷ್ಟು ಹೊತ್ತಿಗೆ ಮುಗಿದಿರಬೇಕಿದ್ದ ಕ್ಯಾನುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಪ್ರಸಾದರದು ಹಗುರ, ನನ್ನದೂ ಹಗುರ. ಹಸನಬ್ಬರ ದೋಣಿಯದು ಮಾತ್ರ ಕೈಯನ್ನು ಕೆಳಕ್ಕೆ ಜಗ್ಗಿತು.

ತಲೆಯೆತ್ತಿ ನೋಡಿದರೆ ಹಸನಬ್ಬ ದೋಣಿಯ ಅಂಚು ಹಿಡಿದು ನಿಂತಿದ್ದರು. ತುಟಿ ಬಿಳಿಚಿ ಒಡೆದಿತ್ತು. ಒಂದು ಹೆಜ್ಜೆ ಇಡಲು ಹೋದವರು ಮುಗ್ಗರಿಸಿ ಕಲ್ಲಿನ ಮೇಲೆ ಕೂತುಬಿಟ್ಟರು. ಓಡಿಹೋಗಿ ಬಾಟಲಿ ಚಾಚಿದೆ. ಅವರು ಅಂಗೈ ಅಡ್ಡ ಹಿಡಿದರು.

"ನೋಂಬು ಉಂಟು," ಅಂದರು ಮೆಲ್ಲಗೆ.

ಹುಣ್ಣಿಮೆಯ ಸುತ್ತಿನ ಮೂರು ದಿನ, ಹದಿಮೂರು, ಹದಿನಾಲ್ಕು, ಹದಿನೈದನೆಯ ಚಾಂದ್ರ ದಿನಗಳಲ್ಲಿ, ಹಲವು ಮುಸ್ಲಿಮರು ಪ್ರತಿ ತಿಂಗಳೂ ಉಪವಾಸ ಹಿಡಿಯುತ್ತಾರೆ. ಕಡ್ಡಾಯವಲ್ಲ, ಇಷ್ಟಪಟ್ಟು ಹಿಡಿಯುವುದು. ಹಗಲಿಡೀ ನೀರೂ ಇಲ್ಲ. ಉಬ್ಬರಕ್ಕಾಗಿ ನಾನು ಆರಿಸಿದ ದಿನಗಳು ಅವೇ ಆಗಿದ್ದವು; ಅಂದು ಮೂರರಲ್ಲಿ ಕೊನೆಯದು. ಇಷ್ಟು ವರ್ಷ ಈ ದೇಶದಲ್ಲಿದ್ದೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ನಸೀರಾ ಅಪ್ಪನ ಹತ್ತಿರ ಓಡಿಬಂದಳು. "ಉಪ್ಪಾ, ಟ್ರಾವೆಲ್‌ನಲ್ಲಿ ಬೇಡ ಅಲ್ವಾ? ನೀವು ಹಿಡಿದಿಲ್ಲ ಅಂತ ನಾನು ಅಂದ್ಕೊಂಡೆ! ಸೀರಿಯಸ್ಲಿ, ನಿನ್ನೆಯಿಂದಲೂ?"

"ಪ್ರಯಾಣದಲ್ಲಿ ಬಿಡಬಹುದು, ಗೊತ್ತುಂಟು. ನಂದು ನೇರ್ಚೆ." ನೇರ್ಚೆ ಎಂದರೆ ಹರಕೆ. ಏನು ಹರಕೆ ಎಂದು ಅವಳು ಬಿಡದೆ ಕೇಳಿದಳು. ಹಸನಬ್ಬ ಸಮುದ್ರದ ಕಡೆಗೆ ನೋಡುತ್ತಾ ಹೇಳಿದರು: "ನಿಂಗೆ ಆರು ವರ್ಷ. ಮಂಗಳೂರಲ್ಲಿ ಐಸಿಯುನಲ್ಲಿ ಇದ್ದಿ. ಜ್ವರ ತಲೆಗೆ ಏರಿತ್ತು. ಡಾಕ್ಟ್ರು ಕೈಬಿಟ್ಟಿದ್ರು. ಮಗು ಉಳಿದ್ರೆ ನಾನು ಇರುವವರೆಗೆ ಈ ಮೂರು ದಿನ ಬಿಡುವುದಿಲ್ಲ ಅಂತ ಹೇಳಿದೆ. ಇವತ್ತಿನವರೆಗೆ ಬಿಡ್ಲಿಲ್ಲ."

ಅಷ್ಟರಲ್ಲಿ ಪ್ರಸಾದ್ ನನ್ನ ಹತ್ತಿರ ಬಂದು, "ಸರ್, ಇಳಿತ ಶುರುವಾಗಿದೆ. ಏನ್ ಮಾಡೋಣ?" ಎಂದು ಪಿಸುಗುಟ್ಟಿದರು. ನೀರು ದೋಣಿಯ ಬುಡದಿಂದ ಆಗಲೇ ಹಿಂದೆ ಸರಿಯುತ್ತಿತ್ತು. ತಡವಾದರೆ ಆಚೆಯ ಕೊಲ್ಲಿಯಲ್ಲಿ ಸಂಜೆಗಾಳಿ ಏಳುತ್ತದೆ. ನಾನು ನಿಂತಲ್ಲಿ ನಿಲ್ಲಲಾರದೆ ಅತ್ತಿತ್ತ ಓಡಾಡಿದೆ. ಟಾರ್ಪಾಲಿನ ನೆರಳು ಮಾಡಿ, ಒದ್ದೆ ಬಟ್ಟೆ ಹೊದಿಸಿ ಸಂಜೆವರೆಗೆ ಮಲಗಿಸಬಹುದೇ? ಹಸನಬ್ಬರ ನಾಡಿ ಹಿಡಿದು ನೋಡಿದೆ, ಸಣ್ಣಗೆ ಓಡುತ್ತಿತ್ತು. ಸಂಜೆಯವರೆಗೆ ಕಾಯುವ ಧೈರ್ಯ ಬರಲಿಲ್ಲ.

"ಹಸನಬ್ಬರೇ, ಖಲಾಸ್. ಟ್ರಿಪ್ ಇಲ್ಲಿಗೇ ನಿಲ್ಲಿಸ್ತೇನೆ. ಖಸಬ್ ಬಂದರಿನಿಂದ ಸ್ಪೀಡ್ ಬೋಟ್ ಕರೆಸ್ತೇನೆ. ಆದ್ರೆ ಅದು ಬರ್ಲಿಕ್ಕೆ ಹೊತ್ತುಂಟು, ಅಲ್ಲಿವರೆಗೆ ನೀವು ನೀರು ಕುಡೀಲೇಬೇಕು," ಎಂದು ಸ್ಯಾಟಲೈಟ್ ಫೋನ್ ತೆಗೆದೆ.

"ಬೋಟ್ ಬೇಕಾದ್ರೆ ಕರೆಸಿ. ನೀರು ಬೇಡ," ಅಂದರು. ಹೆದರಿಕೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅದು ತನ್ನ ಜೀವದ ಹೆದರಿಕೆಯಲ್ಲ. ತಾನು ಒಂದು ಗುಟುಕು ಕುಡಿದರೆ ಮಗಳಿಗೆ ಏನಾದೀತೋ ಎಂಬ ಹೆದರಿಕೆ.

ನಸೀರಾ ತನ್ನ ಬಾಟಲಿಯ ಮುಚ್ಚಳ ಬಿಗಿ ಮಾಡಿ ಅಪ್ಪನ ಕಾಲ ಬಳಿ ಇಟ್ಟಳು. ನಂತರ ಅವರ ಎದುರು, ಅದೇ ಸುಡುಬಿಸಿಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

"ನೀವು ಕುಡಿಯೋವರೆಗೆ ನಾನೂ ಕುಡಿಯಲ್ಲ, ಉಪ್ಪಾ."

"ನೀನು ನೆರಳಿಗೆ ಹೋಗು, ಮೋಳೇ."

"ಹೋಗಲ್ಲ."

ಇಬ್ಬರೂ ಹಾಗೇ ಕೂತರು. ನಾನು ಫೋನ್ ಹಿಡಿದುಕೊಂಡೇ ನಿಂತೆ. ನಂಬರ್ ಒತ್ತುವುದು ಮರೆತೇಹೋಗಿತ್ತು. ಬಿಸಿಲಿಗೆ ಅವಳ ಮುಖ ಕೆಂಪೇರುತ್ತಾ ಬಂತು, ಬೆವರು ಗಲ್ಲದಿಂದ ತೊಟ್ಟಿಕ್ಕಿತು. ಹಸನಬ್ಬ ಅವಳನ್ನೇ ನೋಡುತ್ತಿದ್ದರು. ಒಮ್ಮೆ ಅವಳು ಒಣಗಿ ಅಂಟಿಕೊಂಡ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ಅಷ್ಟೇ. ಅವರು ಬಾಟಲಿ ಎತ್ತಿಕೊಂಡು, ಮುಚ್ಚಳ ತೆಗೆದು, "ಬಿಸ್ಮಿಲ್ಲಾ" ಎಂದು ಕುಡಿದರು. ಅರ್ಧಕ್ಕೆ ನಿಲ್ಲಿಸಿ ಮಿಕ್ಕಿದ್ದನ್ನು ಅವಳ ಬಾಯಿಗೆ ಹಿಡಿದರು. ಪ್ರಸಾದರ ಹೆಂಡತಿ ಅತ್ತುಬಿಟ್ಟರು. ನನಗೂ ಕಣ್ಣು ಮಂಜಾಯಿತು.

ಹಸನಬ್ಬರನ್ನು ನೆರಳಿನಲ್ಲಿ ಮಲಗಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರು ಕೊಡುತ್ತಾ ಬಂದೆವು. ಬಿಸಿಲು ಇಳಿಯುವ ಹೊತ್ತಿಗೆ ಅವರು ಎದ್ದು ಕೂತು ತಮಾಷೆ ಮಾಡುವಷ್ಟಾದರು. ಬೋಟ್ ಕರೆಸುವ ಅಗತ್ಯ ಬೀಳಲಿಲ್ಲ. ಅಂದು ಪೋರ್ಟೇಜ್ ಮಾಡಲಿಲ್ಲ, ಅಲ್ಲೇ ಟೆಂಟ್ ಹಾಕಿದೆವು. ಊಟದ ಮೊದಲು ಅವರು ಮಗಳ ಹಣೆ ಮುಟ್ಟಿ ನೋಡಿದರು. ಊಟವಾದ ಮೇಲೆ ಮತ್ತೆ ನೋಡಿದರು. ಇನ್ನೊಮ್ಮೆ ಕೈ ಚಾಚಿದಾಗ ನಸೀರಾ ಆ ಕೈಯನ್ನು ತನ್ನ ಹಣೆಯ ಮೇಲೇ ಒತ್ತಿ ಹಿಡಿದುಕೊಂಡು, "ನೋಡಿ, ತಣ್ಣಗಿದೆ" ಅಂದಳು. ಬೆಳಿಗ್ಗೆ ಅವಳು ಎದ್ದು ಹಲ್ಲುಜ್ಜುವುದನ್ನು ಕಂಡ ಮೇಲೆಯೇ ಅವರು ಚಹಾ ಮುಟ್ಟಿದ್ದು.

ಗಾಳಿ, ಉಬ್ಬರ, ನೀರು, ಭಾರ ಇವುಗಳನ್ನು ಲೆಕ್ಕ ಹಾಕಿದರೆ ಟ್ರಿಪ್ ಗೆದ್ದಂತೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಜನ ತಮ್ಮ ಜೊತೆ ಇನ್ನೂ ಏನೇನೋ ಹೊತ್ತು ತರುತ್ತಾರೆ. ಅದು ಯಾವ ಮೆಡಿಕಲ್ ಪ್ರಶ್ನೆಗೂ ಸಿಕ್ಕುವುದಿಲ್ಲ. ಈಗ ದಿನ ಗೊತ್ತುಮಾಡುವ ಮುಂಚೆಯೇ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕರೆದು, ಆ ದಿನಗಳಲ್ಲಿ ತಪ್ಪಿಸಲಾಗದ್ದು ಏನಾದರೂ ಉಂಟಾ ಎಂದು ಕೇಳುತ್ತೇನೆ. ಹೆಚ್ಚಿನವರು ನಕ್ಕು ಇಲ್ಲ ಅನ್ನುತ್ತಾರೆ. ಯಾರೋ ಒಬ್ಬರು ಮಾತ್ರ ಹೇಳಲೋ ಬೇಡವೋ ಎಂದು ಸುಮ್ಮನಾಗುತ್ತಾರೆ. ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಆದರೂ ಆಗ ಫೋನ್ ಪಕ್ಕಕ್ಕಿಟ್ಟು ಕಾಯುತ್ತೇನೆ.