ಕಬ್ಬಿನೊಳಗೆ ಕೂಗಿದ ಕಾರು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಎದುರಿಗೆ ಕೂತು ನಗುವುದಕ್ಕಿಂತ ಎದ್ದು ಹೋಗುವುದೇ ವಾಸಿ ಎಂದುಕೊಂಡಿದ್ದೆ. ಈಗ ನೀವು ನನ್ನ ಮಾತಿನ ನಡುವೆ ಎದ್ದು ಹೋದರೂ ನನಗೆ ಬೇಸರವಿಲ್ಲ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಮ್ಮ ಹಳೆಯ ಕಾರಿಗೆ ನನ್ನ ಗಂಡ ಬೆಳಗಾವಿಯಲ್ಲಿ ಸೆಂಟ್ರಲ್ ಲಾಕ್ ಹಾಕಿಸಿದ್ದರು. ಕೀಲಿ ಬೇರೆ, ರಿಮೋಟ್ ಬೇರೆ. ಗುಂಡಿ ಒತ್ತಿದರೆ ಕಾರು ಎರಡು ಸಲ ಕುಂಯ್‌ಗುಟ್ಟಿ ಬಾಗಿಲು ತೆರೆದುಕೊಳ್ಳುತ್ತಿತ್ತು.

ಒಂದು ಸಂಜೆ ಮೂಡಲಗಿಯ ನಾದಿನಿಯ ಮನೆಯಿಂದ ಮಾವನವರನ್ನು ಕರೆದುಕೊಂಡು ಗೋಕಾಕಕ್ಕೆ ಹೊರಟಿದ್ದೆ. ಅವರಿಗೆ ಸಕ್ಕರೆ ಕಾಯಿಲೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನ ಮನೆತನ ನಮ್ಮದು; ಆ ದಿನ ಅದು ತಪ್ಪಿ ಅವರು ಹಸಿದೇ ಇದ್ದರು. ಮೇಲವಂಕಿ ದಾಟಿದ ಮೇಲೆ ಅವರು ನೀರು ಕೇಳಿದರು. ಬಾಟಲಿ ಖಾಲಿ. ರಸ್ತೆ ಬದಿಯ ಪಂಪಸೆಟ್ಟಿನ ಹತ್ತಿರ ನಿಲ್ಲಿಸಿದೆ. ಅವರು ಕಣ್ಣು ಮುಚ್ಚಿದ್ದರು. ಕೀಲಿಯನ್ನು ಒಳಗೇ ಬಿಟ್ಟು, ರಿಮೋಟಿನಿಂದ ಲಾಕ್ ಮಾಡಿ ನೀರು ತರಲು ಹೋದೆ.

ತಿರುಗಿ ಬಂದು ಗುಂಡಿ ಒತ್ತಿದರೆ ಕಾರು ಮಿಸುಕಲಿಲ್ಲ. ಕೂದಲಿನ ಪಿನ್ನಿನಿಂದ ರಿಮೋಟಿನ ಮುಚ್ಚಳ ಬಿಚ್ಚಿ, ಸೆಲ್ ತೆಗೆದು, ಸೆರಗಿನಿಂದ ಒರೆಸಿ ಮತ್ತೆ ಕೂರಿಸಿದೆ. ಕೆಂಪು ದೀಪ ಉರಿಯಿತು. ಗಾಜಿಗೆ ತಾಗಿಸಿ ಒತ್ತಿದೆ. ಕಾರು ಸುಮ್ಮನಿತ್ತು. ಮಾವನವರ ತಲೆ ಗಾಜಿಗೆ ಒರಗಿತ್ತು. ಎಷ್ಟು ಬಡಿದರೂ ಅವರು ಕಣ್ಣು ತೆರೆಯಲಿಲ್ಲ.

ಗಾಬರಿಯಿಂದ ಮತ್ತೆ ಒತ್ತಿದಾಗ ಆ ಸದ್ದು ಕೇಳಿತು. ನಮ್ಮ ಕಾರಿನದೇ ಸದ್ದು. ಆದರೆ ಬಂದದ್ದು ನನ್ನ ಹಿಂದಿದ್ದ ಕಬ್ಬಿನ ಹೊಲದೊಳಗಿಂದ, ಬಹಳ ದೂರದಿಂದ.

ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ನಿಂತ. ಅವನಿಗೂ ಅದು ಕೇಳಿಸಿತ್ತು.

"ಕಾಕಾ, ಅಲ್ಲಿ ಯಾರದಾದ್ರೂ ಗಾಡಿ ಐತೇನ್ರಿ?" ಎಂದೆ.

"ಅಲ್ಲಿ ಎತ್ತಿನ ಗಾಡಿ ಹೋಗಾಕೂ ದಾರಿ ಇಲ್ರಿ ಅಕ್ಕಾರ. ಆ ಕಡೆ ಹಳ್ಳ ಐತಿ."

ಇನ್ನೊಮ್ಮೆ ಒತ್ತಿದೆ. ಸದ್ದು ಹತ್ತಿರ ಬಂದಿತ್ತು. ಮತ್ತೊಮ್ಮೆ ಒತ್ತಿದೆ. ಇನ್ನೂ ಹತ್ತಿರ. ಕಬ್ಬಿನ ಒಂದು ಗರಿಯೂ ಅಲುಗುತ್ತಿರಲಿಲ್ಲ. ಒತ್ತುವುದನ್ನು ನಿಲ್ಲಿಸಿದೆ. ಹೊಲ ಮೌನವಾಯಿತು. ಆಗ ನೋಡಿದೆ, ಮಾವನವರ ಮೂಗಿನೆದುರು ಗಾಜಿಗೆ ಕಟ್ಟಿದ್ದ ಉಸಿರಿನ ಮಂಜು ಆರುತ್ತಿತ್ತು.

ಗಾಜು ಒಡೆಯಲು ಮುದುಕ ಕಲ್ಲೆತ್ತಿಕೊಂಡಿದ್ದ. ಅವನೂ ಆ ಮಂಜು ಆರುವುದನ್ನು ನೋಡಿ ಕೈ ತಡೆದ. "ಒತ್ತರಿ ಅಕ್ಕಾರ. ಬರಾಕತ್ತೈತಿ, ಬಿಡಬ್ಯಾಡ್ರಿ," ಎಂದ ಮೆಲ್ಲಗೆ.

ಒತ್ತಿದೆ. ಬದುವಿನ ಅಂಚಿನಲ್ಲಿ ಕೂಗಿತು. ಮತ್ತೆ ಒತ್ತಿದೆ. ಬೆನ್ನ ಹಿಂದೆಯೇ ಕೂಗಿತು. ನಾನು ತಿರುಗಿ ನೋಡಲಿಲ್ಲ. ಆಮೇಲೆ ಒತ್ತಿದಾಗ ನಮ್ಮ ಕಾರೇ ಎರಡು ಸಲ ಕುಂಯ್‌ಗುಟ್ಟಿ ಬಾಗಿಲು ಬಿಟ್ಟಿತು.

ಮಾವನವರು ದೀರ್ಘ ಉಸಿರೆಳೆದು ಕಣ್ಣು ತೆರೆದರು. ಅವರ ಬಾಯಿಗೆ ಪೆಪ್ಪರಮಿಂಟು ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು: "ಇಷ್ಟೊತ್ತ ಗಾಡಿ ಕಬ್ಬಿನ್ಯಾಗ ಯಾಕ ನಿಲ್ಲಿಸಿದ್ದಿ ಯವ್ವಾ? ನೀ ಗಾಜ ಬಡಿಯೂದು ದೂರದಿಂದ ಕೇಳಸ್ತಿತ್ತು."

ಮುದುಕ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟ. ಕುರಿಗಳ ಹಿಂದೆ ಹೊರಟುಹೋದ.

ಮರುದಿನ ನಾನೂ ನನ್ನ ಗಂಡನೂ ಹೋಗಿ ಆ ಹೊಲದೊಳಗೆ ಹಳ್ಳದವರೆಗೆ ನಡೆದೆವು. ಗಾಲಿಯ ಗುರುತಿರಲಿಲ್ಲ, ಒಂದು ಕಬ್ಬೂ ಮುರಿದಿರಲಿಲ್ಲ. ರಿಮೋಟಿನಲ್ಲಿ ದೋಷವಿಲ್ಲ, ಸೆಲ್ ಕೂಡ ಚೆನ್ನಾಗಿದೆ ಎಂದು ಮೆಕ್ಯಾನಿಕ್ ಹೇಳಿದ. ಸಕ್ಕರೆ ಇಳಿದಾಗ ಹೀಗೆ ಏನೇನೋ ಕನಸು ಬೀಳುತ್ತದೆ ಎಂದರು ಡಾಕ್ಟರು. ಇರಬಹುದು, ನಾನೂ ಮಕ್ಕಳಿಗೆ ಹಾಗೆಯೇ ಹೇಳುತ್ತಿದ್ದೆ. ಆದರೆ ಕನಸು ಬಿದ್ದದ್ದು ಮಾವನವರಿಗೆ. ಸದ್ದು ಕೇಳಿದ್ದು ಎಚ್ಚರವಿದ್ದ ನಮ್ಮಿಬ್ಬರಿಗೆ.