ಮೆಟ್ಟಿಲ ಬಾಯಿಯ ಹಲಗೆ

ನಮ್ಮ ಅತ್ತೆಯವರನ್ನು ನಾನು ಬಹಳ ಚೆನ್ನಾಗಿ ನೋಡಿಕೊಂಡೆನಂತೆ. ಇದು ನನ್ನ ಮಾತಲ್ಲ, ಬಂಧು ಬಳಗದವರದು. ಆ ನೋಡಿಕೊಳ್ಳುವಿಕೆಯಿಂದ ಅವರಿಗೆ ಏನಾಯಿತು ಎನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಅದನ್ನು ನಾನೇ ಹೇಳಬೇಕು.

ಹತ್ತೊಂಬತ್ತುನೂರ ಇಪ್ಪತ್ತರ ದಶಕದ ಮಾತು. ಮಾವನವರು ತೀರಿಕೊಂಡು ವರ್ಷವಾಗಿತ್ತು. ನನ್ನ ಗಂಡನಿಗೆ ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ಕಾರಕೂನಿಕೆ ಸಿಕ್ಕಿತು. ಧಾರವಾಡದ ಓಣಿಯ ಬಾಡಿಗೆ ಮನೆ ಬಿಟ್ಟು, ಅತ್ತೆಯವರನ್ನೂ ಕರೆದುಕೊಂಡು, ಹುಬ್ಬಳ್ಳಿಯ ಅರಳೆಯ ಮೂಟೆ ಇಡುವ ಒಂದು ವಖಾರಿಯ ಮೇಲಿನ ಮಾಳಿಗೆಯಲ್ಲಿ ಸಂಸಾರ ಹೂಡಿದೆವು. ಎರಡು ಕೋಣೆ, ಒಂದು ಬಚ್ಚಲು, ರಸ್ತೆಯ ಕಡೆಗೆ ಒಂದೇ ಕಿಟಕಿ. ಕೆಳಗಿನಿಂದ ಹನ್ನೆರಡು ಕಟ್ಟಿಗೆಯ ಮೆಟ್ಟಿಲು, ಏಣಿಯಷ್ಟು ಕಡಿದು. ಹತ್ತಿ ಬಂದ ಮೇಲೆ ಮೆಟ್ಟಿಲ ಬಾಯಿಗೆ ದಪ್ಪ ಹಲಗೆಯೊಂದನ್ನು ಮುಚ್ಚಿ ಅಗಳಿ ಹಾಕಬೇಕು. ಮುಚ್ಚಿದರೆ ಅದೂ ನೆಲವೇ, ಮೇಲೆ ಓಡಾಡಬಹುದು.

ಧಾರವಾಡದಲ್ಲಿ ಆರು ಮನೆಗೆ ಒಂದೇ ಬಾವಿ. ಅತ್ತೆಯವರು ಅಲ್ಲಿಗೆ ನೀರಿಗೆ ಹೋದರೆ ಓಣಿಯ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದರು. ಮಧ್ಯಾಹ್ನ ಕಟ್ಟೆಯ ಮೇಲೆ ಹೂಬತ್ತಿ ಹೊಸೆಯುತ್ತ ಕೂತರೆ ಸುತ್ತ ನಾಲ್ಕು ಜನ. ಯಾರ ಸೊಸೆ ಬಸುರಿ ಎನ್ನುವುದು ಆ ಸೊಸೆಗಿಂತ ಮೊದಲೇ ಇವರಿಗೆ ಗೊತ್ತಾಗುತ್ತಿತ್ತು. ಅರವತ್ತು ದಾಟಿದ್ದರೂ ನನಗಿಂತ ಜೋರಾಗಿ ನಡೆಯುತ್ತಿದ್ದರು. ನನಗೆ ಅದರಿಂದ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಹುಬ್ಬಳ್ಳಿಗೆ ಬಂದ ಮೊದಲ ತಿಂಗಳಲ್ಲೇ ಮೂರನೆಯ ಮೆಟ್ಟಿಲಿನಲ್ಲಿ ಜಾರಿ ಅವರ ಮೊಣಕಾಲು ತರಚಿತು. ಅಷ್ಟಕ್ಕೇ ನನ್ನ ಗಂಡ, ಅವ್ವ ಇನ್ನು ಕೆಳಗೆ ಇಳಿಯಕೂಡದೆಂದು ಅಪ್ಪಣೆ ಮಾಡಿದರು. ನಾನು ಒಂದು ಹೆಜ್ಜೆ ಮುಂದೆ ಹೋದೆ. ಅವರ ಕೈಯಿಂದ ಬಿಂದಿಗೆ ಕಸಿದುಕೊಂಡೆ, ಕಸಬರಿಗೆ ಕಸಿದುಕೊಂಡೆ, ಕೊನೆಗೆ ಮೊರವನ್ನೂ. ಕೂತಲ್ಲಿಗೆ ನೀರು, ಕೂತಲ್ಲಿಗೆ ಊಟ. ಅತ್ತೆಯ ಕೈಯಿಂದ ಹುಲ್ಲುಕಡ್ಡಿ ಎತ್ತಿಸದ ಸೊಸೆ ಎಂದು ಬಂದವರೆಲ್ಲ ಹೊಗಳಿದರು. ನಾನು ಹೊಗಳಿಕೆ ಕೇಳಿ ಉಬ್ಬಿದೆ.

ವರ್ಷ ತುಂಬುವುದರೊಳಗೆ ಅವರು ಹಗಲೆಲ್ಲ ಮಲಗತೊಡಗಿದರು. ಬೆನ್ನು ಬಾಗಿತು, ಕಾಲು ಹಿಡಿಯಿತು. ಉಂಡದ್ದೇ ನೆನಪಿರುತ್ತಿರಲಿಲ್ಲ. ವೈದ್ಯರು ನಾಡಿ ನೋಡಿ ವಯಸ್ಸಾಯಿತು ಎಂದರು, ನಾವೂ ಒಪ್ಪಿದೆವು. ಅವರನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿಲ್ಲವಾದ್ದರಿಂದ ಕಾಯುತ್ತ ಕಾಯುತ್ತ ನಾನೂ ಮಾಳಿಗೆಯ ಕೈದಿಯಾದೆ. ಕೆಲವು ದಿನ ಇಬ್ಬರೂ ಎದುರುಬದುರು ಕೂತು ಒಂದು ಮಾತೂ ಆಡುತ್ತಿರಲಿಲ್ಲ. ಕೆಳಗೆ ವಖಾರಿಯ ಕಟ್ಟೆಯ ಮೇಲೆ ಅರಳೆ ಬಿಡಿಸುವ ಹೆಂಗಸರು ನಕ್ಕರೆ ಹಲಗೆಯ ಸಂದಿನಿಂದ ಕೇಳಿಸುತ್ತಿತ್ತು.

ಆ ದಸರೆಯ ಹೊತ್ತಿಗೆ ವಖಾರಿಯಲ್ಲಿ ಇಲಿ ಬಿದ್ದವು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ. ಮನೆಗೆ ಬೀಗ ಹಾಕಿ ಊರ ಹೊರಗೆ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುವುದು ಆಗಿನ ರೂಢಿ. ಇಬ್ಬರು ಹಮಾಲರು ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಎರೆಹೊಲದಲ್ಲಿ ತಟ್ಟಿಯ ಗೋಡೆ, ತಗಡಿನ ಮಾಡು. ಪಕ್ಕದ ಗುಡಿಸಲಿನವರು ಕೆಮ್ಮಿದರೆ ನಮಗೆ ಎಚ್ಚರ. ಊರಿನಿಂದ ದಿನಾ ಸಾವಿನ ಸುದ್ದಿ ಬರುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆಯವರು ಹಾಸಿಗೆಯಲ್ಲಿಲ್ಲ. ಗಾಬರಿಯಾಗಿ ಹುಡುಕಿಕೊಂಡು ಹೋದೆ. ನಾಲ್ಕು ಗುಡಿಸಲಿನಾಚೆ, ಒಬ್ಬ ಕಾಳಿನ ವ್ಯಾಪಾರಿಯ ತಾಯಿಯ ಜೊತೆ ಬಿಸಿಲಿಗೆ ಕೂತು ತೊಗರಿಬೇಳೆ ಆರಿಸುತ್ತಿದ್ದರು. ಧಾರವಾಡದಲ್ಲಾಗಿದ್ದರೆ ಮಡಿಗೆ ಭಂಗವೆಂದು ಅಷ್ಟು ಹತ್ತಿರ ಕೂರುತ್ತಿರಲಿಲ್ಲ. ಕೇಳಿದರೆ, ಹೊಲದಲ್ಲಿ ಎಂಥ ಮಡಿ ಎಂದು ನನ್ನನ್ನೇ ಗದರಿದರು. ಅಡುಗೆ, ಮಳೆಗೆ ಸೋರುವ ಮಾಡು, ಹೊಗೆ ಇವುಗಳ ನಡುವೆ ನನಗೂ ಅವರನ್ನು ಕೂರಿಸಿ ಸೇವೆ ಮಾಡಲು ಪುರುಸೊತ್ತಿರಲಿಲ್ಲ. ಹದಿನೈದು ದಿನದಲ್ಲಿ ತಂಬಿಗೆ ಹಿಡಿದು ತಾವೇ ಬಾವಿಗೆ ಹೋದರು. ಯಾರದೋ ಕೂಸಿಗೆ ನೀರೆರೆದರು, ಇಬ್ಬರ ಜಗಳ ಬಿಡಿಸಿದರು, ಮೂರನೆಯವರ ಜೊತೆ ತಾವೇ ಜಗಳ ತೆಗೆದರು. ಊರೆಲ್ಲ ಸಾವಿಗೆ ಹೆದರಿ ಹೊಲ ಸೇರಿದ್ದರೆ ಇವರ ವಯಸ್ಸು ಹತ್ತು ವರ್ಷ ಇಳಿದಿತ್ತು.

ಸಂಕ್ರಾಂತಿ ಕಳೆದು ಮರಳಿ ಬಂದಾಗ ಹನ್ನೆರಡೂ ಮೆಟ್ಟಿಲನ್ನು ಅವರೇ ಹತ್ತಿದರು. ಅವರ ಹಿಂದೆ ಹತ್ತಿ ಬಂದು ನಾನು ಹಲಗೆ ಮುಚ್ಚಿ ಅಗಳಿ ಹಾಕಿದೆ. ಮರುದಿನದಿಂದ ಮತ್ತೆ ಕೂತಲ್ಲಿಗೆ ನೀರು, ಕೂತಲ್ಲಿಗೆ ಊಟ. ಯುಗಾದಿಯ ಹೊತ್ತಿಗೆ ಮತ್ತೆ ಹಾಸಿಗೆ ಹಿಡಿದರು.

ಮಳೆಗಾಲ ಮುಗಿಯುತ್ತ ಬಂದಂತೆ ಅವರು ದಿನಾ ಬೆಳಿಗ್ಗೆ ಒಂದೇ ಮಾತು ಕೇಳತೊಡಗಿದರು. ಕೆಳಗೆ ಇಲಿ ಬಿತ್ತೇನು ಎಂದು. ಪಾಪ, ಹೆದರಿದ್ದಾರೆ ಎಂದುಕೊಂಡೆ. ಇಲ್ಲ, ಒಂದೂ ಬಿದ್ದಿಲ್ಲ ಎಂದು ಸಮಾಧಾನ ಹೇಳುತ್ತಿದ್ದೆ. ಅವರು ಗೋಡೆಯ ಕಡೆ ಹೊರಳುತ್ತಿದ್ದರು, ನಾನು ಅದನ್ನು ನೆಮ್ಮದಿ ಎಂದು ತಿಳಿದೆ. ನನ್ನ ಜಾಣತನಕ್ಕೆ ಏನು ಹೇಳಲಿ!

ಒಂದು ಸಂಜೆ ಬೋನಿಗೆ ಇಲಿಯೊಂದು ಬಿತ್ತು. ಬೆಳಿಗ್ಗೆ ಒಯ್ದು ಬಿಡುತ್ತೇನೆಂದ ನನ್ನ ಗಂಡ ಮರೆತು ಕೆಲಸಕ್ಕೆ ಹೋದರು. ನಾನು ಒಲೆಯ ಮುಂದೆ ಇದ್ದೆ. ತಿರುಗಿ ಬಂದು ನೋಡಿದರೆ ನಡುಮನೆಯಲ್ಲಿ ಸತ್ತ ಇಲಿ. ಅತ್ತೆಯವರು ಗೋಡೆಗೊರಗಿ ಕೂತಿದ್ದರು.

"ಇಲಿ ಬಿದ್ದದ. ಗಂಟು ಕಟ್ಟು," ಅಂದರು.

ಚಿಮಟಿಗೆಯಿಂದ ಎತ್ತಿದೆ. ಇಲಿಯಿಂದ ನೀರು ತೊಟ್ಟಿಕ್ಕಿತು. ಬಚ್ಚಲಿಗೆ ಹೋದೆ. ಬೋನು ಅಲ್ಲಿತ್ತು, ಒದ್ದೆಯಾಗಿ, ಅವರ ಮಡಿನೀರಿನ ಹಂಡೆಯ ಪಕ್ಕದಲ್ಲಿ. ಸ್ನಾನವಿಲ್ಲದೆ ನಾನು ಮುಟ್ಟಿದರೂ ನೀರು ಚೆಲ್ಲಿಸುತ್ತಿದ್ದ ಹಂಡೆ ಅದು. ಹೊರಗೆ ಬಂದಾಗ ಇನ್ನೊಂದು ಕಂಡಿತು. ಹಲಗೆಯ ಪಕ್ಕದಲ್ಲಿ ಅವರ ಎರಡು ಕೆಂಪು ಸೀರೆ, ಜಪಮಣಿ, ತಂಬಿಗೆ, ಎಲ್ಲ ಸೇರಿಸಿ ಕಟ್ಟಿದ ಗಂಟು.

ನನಗೆ ಬಂದದ್ದು ಸಿಟ್ಟು, ಕರುಣೆಯಲ್ಲ. ಆಗ ನಾನು ನಾಲ್ಕು ತಿಂಗಳ ಬಸುರಿ. ಮತ್ತೆ ಆ ಹಸಿನೆಲ, ಆ ಹೊಗೆ ನೆನೆದು ಮೈ ಉರಿಯಿತು. ಇಲಿಯನ್ನು ಸುಟ್ಟೆ, ಹಂಡೆ ತಿಕ್ಕಿದೆ, ಗಂಟು ಬಿಚ್ಚಿ ಸೀರೆಗಳನ್ನು ಗಳುವಿಗೆ ಹಾಕಿದೆ. ಅವರು ಎಲ್ಲವನ್ನೂ ನೋಡುತ್ತ ಕೂತಿದ್ದರು. ಗಂಡನಿಗೆ ನಾನು ಹೇಳಲಿಲ್ಲ.

ಅಂದಿನಿಂದ ಅವರು ಇಲಿಯ ಸುದ್ದಿ ಕೇಳುವುದನ್ನು ಬಿಟ್ಟರು. ಮೊದಮೊದಲು ಪೀಡೆ ತೊಲಗಿತು ಎನಿಸಿತು. ಆಮೇಲೆ ಪ್ರತಿ ಬೆಳಿಗ್ಗೆ ಆ ಮಾತಿಗಾಗಿ ನಾನೇ ಕಿವಿಗೊಟ್ಟು ಕಾಯತೊಡಗಿದೆ. ಅದು ಬರಲಿಲ್ಲ. ಊಟ ಅರ್ಧಕ್ಕಿಳಿಯಿತು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕೆಳಗಿನ ಹೆಂಗಸರು ಯಾವುದಕ್ಕೋ ಬಿದ್ದು ಬಿದ್ದು ನಕ್ಕರು. ಅತ್ತೆಯವರ ತುಟಿ ಸಣ್ಣಗೆ ಅಲುಗಿದ್ದನ್ನು ಕಂಡೆ. ಆಗ ನನಗೆ ತಿಳಿಯಿತು. ಅವರಿಗೆ ಹೊಲ ಬೇಕಾಗಿರಲಿಲ್ಲ, ಜನ ಬೇಕಾಗಿದ್ದರು. ಜನ ಹನ್ನೆರಡು ಮೆಟ್ಟಿಲ ಕೆಳಗೇ ಇದ್ದರು. ಎರಡು ವರ್ಷ ಇವರಿಗೂ ಆ ಜನಕ್ಕೂ ನಡುವೆ ಅಡ್ಡವಾಗಿದ್ದದ್ದು ನಾನು.

ಅಗಳಿ ತೆಗೆದು ಹಲಗೆ ಎತ್ತಿದೆ. ಮಾತು, ನಗೆ, ಅರಳೆಯ ಧೂಳು ಎಲ್ಲ ಒಮ್ಮೆಲೇ ಮೇಲೆ ಬಂತು.

"ಏಳ್ರಿ ಅತ್ತಿಯವರ. ಕೆಳಗ ಕಟ್ಟಿ ಮ್ಯಾಲೆ ಕೂಡೋಣು. ನಾ ಹಿಡ್ಕೋತೀನಿ."

ಅವರ ಕಣ್ಣು ಹೊಳೆಯಿತು. ತೆವಳಿಕೊಂಡು ಅಂಚಿಗೆ ಬಂದರು. ಒಂದು ಕಾಲು ಇಳಿಬಿಟ್ಟರು. ಮೊಣಕಾಲು ಬಾಗಲಿಲ್ಲ, ಪಾದ ಮೆಟ್ಟಿಲಿಗೆ ಸೋಕದೆ ಗಾಳಿಯಲ್ಲಿ ನಡುಗುತ್ತ ನಿಂತಿತು. ನಾನು ತೋಳು ಹಿಡಿದೆ, ಇನ್ನೊಮ್ಮೆ ಪ್ರಯತ್ನಿಸಿದರು, ಮತ್ತೊಮ್ಮೆ. ಬಹಳ ಹೊತ್ತು ಹಾಗೇ ಕೂತು ಕೆಳಗಿನವರ ಮಾತು ಕೇಳಿದರು. ಆಮೇಲೆ ಎರಡೂ ಕೈಯಿಂದ ಆ ಕಾಲನ್ನು ಮೇಲಕ್ಕೆ ಎಳೆದುಕೊಂಡರು.

"ಇನ್ನ ಆಗೂದಿಲ್ಲ ನಮ್ಮವ್ವ. ಹಲಗಿ ಮುಚ್ಚು."

ನಾನು ಮುಚ್ಚಿದೆ. ಅಗಳಿ ಹಾಕಲಿಲ್ಲ. ಹಾಕುವ ಅಗತ್ಯವೇ ಉಳಿದಿರಲಿಲ್ಲ.