ಬ್ರೇಕಿಗೂ ಎಣ್ಣೆ

ಮಾವನ ಎಡ ಅಂಗೈಯಲ್ಲಿ ಗಾಡಿಯ ಗೇರ್ ಹಿಡಿಯ ಗುಂಡಿನಷ್ಟೇ ಅಗಲಕ್ಕೆ ಜಡ್ಡುಗಟ್ಟಿತ್ತು. ತಲೆ ಸವರಿದರೆ ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ನನ್ನ ತಾಯಿಯ ತಮ್ಮ ಅವನು. ರಾಯಲ್ಪಾಡಿನಿಂದ ಕೋಲಾರದ ಮಂಡಿಗೆ ಟೊಮೊಟೊ ಸಾಗಿಸುವ ಟೆಂಪೊ ಓಡಿಸುತ್ತಿದ್ದ. ನಾನು ಕೋಲಾರದ ಕಾಲೇಜಿಗೆ ಹೋದದ್ದೂ ಆ ಕ್ರೇಟುಗಳ ಜೊತೆಗೇ, ಮುಂದಿನ ಸೀಟಿನಲ್ಲಿ.

ಡೀಸೆಲ್ ಉಳಿಸುವುದೆಂದರೆ ಅವನಿಗೆ ಹುಚ್ಚು. ಇಳಿಜಾರು ಕಂಡರೆ ಸಾಕು, ನ್ಯೂಟ್ರಲ್‌ಗೆ ತಂದು ಇಂಜಿನ್ನನ್ನೇ ಆರಿಸಿಬಿಡುತ್ತಿದ್ದ. "ಅವಸರ ಇರೋನಿಗೆ ಎಣ್ಣೆ ಜಾಸ್ತಿ ಬೇಕು ಕಣೇ ಅಮ್ಮಾಯಿ. ಇಳಿಜಾರು ತಾನಾಗೇ ಬರ್ತದೆ, ಕಾಯ್ಬೇಕು" ಎನ್ನುತ್ತಿದ್ದ. ಮುಂದೆ ನಾನು ಆಕಾಶನೌಕೆಗಳ ದಾರಿ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದೆ. ಗುರುಗ್ರಹದಾಚೆಯಿಂದ ಭೂಮಿಯತ್ತ ಬರುವ ನೌಕೆಗೆ ಕಡಿಮೆ ಇಂಧನದ ದಾರಿ ಹುಡುಕುವಾಗ ಕೈಹಿಡಿದದ್ದು ಇದೇ ಮಾತು: ವರ್ಷಗಟ್ಟಲೆ ಕಾದು, ನೌಕೆಯನ್ನು ಗ್ರಹಗಳ ಮುಂದೆ ಹಾಯಿಸಿ, ಅದರ ವೇಗವನ್ನು ಅವುಗಳ ಸೆಳೆತಕ್ಕೇ ಬಿಟ್ಟುಕೊಡುವುದು. ಮೆಚ್ಚುಗೆ ನನಗೆ ಬಂತು. ಮಾವನ ಹೆಸರನ್ನು ನಾನು ಎಲ್ಲೂ ಎತ್ತಲಿಲ್ಲ.

ಹೋದ ವರ್ಷ ರಜೆಗೆ ಬಂದವಳು ಮತ್ತೆ ಆ ಸೀಟಿನಲ್ಲಿ ಕೂತು ಅವನಿಗೆ ನನ್ನ ಕೆಲಸ ವಿವರಿಸಿದೆ.

"ಸೂರ್ಯನ ಕಡೆಗೆ ಅಂದ್ರೆ ಇಳಿಜಾರೇ ಅಲ್ವಾ? ಆಫ್ ಮಾಡಿ ಬಿಟ್ಬಿಡು" ಎಂದ.

"ಹಂಗಾಗಲ್ಲ ಮಾವ. ನೌಕೆ ಸೂರ್ಯನ್ನ ಸುತ್ತುತಾ ಇರ್ತದೆ, ಆ ವೇಗ ಕಮ್ಮಿ ಆಗ್ದೆ ಒಳಕ್ಕೆ ಬರೋಕಾಗಲ್ಲ. ಕಮ್ಮಿ ಮಾಡೋಕೂ ಇಂಧನ ಸುಡ್ಬೇಕು."

ಮಾವ ಸ್ಟೀರಿಂಗ್ ಬಡಿದು ನಕ್ಕ. "ಬ್ರೇಕಿಗೂ ಎಣ್ಣೆ ಬೇಕಾ? ಥೂ, ಎಂಥಾ ಗಾಡಿ ಕಟ್ಟಿದೀರೇ!"

ನಾನೂ ನಕ್ಕೆ. ಅಷ್ಟರಲ್ಲಿ ಇಳಿಜಾರು ಬಂತು. ಅವನು ಎಂದಿನಂತೆ ಇಂಜಿನ್ ಆರಿಸಿದ.

ಎರಡು ತಿಂಗಳ ಮೇಲೆ ಅದೇ ಇಳಿಜಾರಿನಲ್ಲಿ, ತುಂಬಿದ ಲೋಡಿನೊಂದಿಗೆ, ಟೆಂಪೊ ಹೋಗಿ ಮೋರಿಯ ಗೋಡೆಗೆ ಗುದ್ದಿತು. ಮಾವ ಆಸ್ಪತ್ರೆ ಮುಟ್ಟಲಿಲ್ಲ. ಗಾಡಿ ಪರೀಕ್ಷಿಸಿದ ಮೆಕ್ಯಾನಿಕ್ ನನ್ನ ಮುಖ ನೋಡದೆ ಹೇಳಿದ: "ಇಂಜಿನ್ ಆಫ್ ಇತ್ತು ಮೇಡಂ. ಅದು ಓಡ್ತಿದ್ರೇನೇ ಬ್ರೇಕಿಗೆ ಬಲ. ಆಫ್ ಮಾಡಿದ್ರೆ ಎರಡು ಮೂರು ಸಲ ಒತ್ತೋಷ್ಟರಲ್ಲಿ ಪೆಡಲ್ಲು ಕಲ್ಲಾಗ್ತದೆ."

ನನಗಿದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕೋಟಿಗಟ್ಟಲೆ ಮೈಲಿ ದೂರದ ನೌಕೆಯನ್ನು ನಿಧಾನಿಸುವುದು ಹೇಗೆಂದು ತಲೆ ಕೆಡಿಸಿಕೊಂಡವಳು ಪಕ್ಕದಲ್ಲೇ ಇದ್ದ ಅವನ ಕಾಲಿನ ಕಡೆ ನೋಡಲಿಲ್ಲ, ಅಷ್ಟೆ.

ತಿಥಿಯ ದಿನ ಊರ ಹಿರಿಯರೊಬ್ಬರು, "ಒಂದು ತೊಟ್ಟು ಎಣ್ಣೆ ಪೋಲು ಮಾಡಿದೋನಲ್ಲ" ಎಂದು ಹೊಗಳಿದರು. ನನಗೆ ಮೈ ಉರಿಯಿತು; ಅವರ ಮೇಲಲ್ಲ. ಗುದ್ದಿದ ಟೆಂಪೊದ ಟ್ಯಾಂಕಿನಲ್ಲಿ ಇನ್ನೂ ಅರ್ಧದಷ್ಟು ಡೀಸೆಲ್ ಇತ್ತು. ಅವತ್ತು ಅವನು ನಗುತ್ತಾ ಕೇಳಿದ್ದಕ್ಕೆ ನಾನು ಕೊಡಬೇಕಿದ್ದ ಉತ್ತರ ಇಷ್ಟೇ ಇಷ್ಟು:

"ನಿನ್ನ ಗಾಡಿಗೂ ಬೇಕು, ಮಾವ."